ನೂರು ಸಲ ಬರೆದ ಪದ ಮರೆತುಹೋಗುವುದೇಕೆ?

ಕಳೆದ ವರ್ಷ ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಿಂದಿರುಗಿಸಿದ ದಿನ, ಪಾಠ ಮುಗಿದು ಎಲ್ಲರೂ ಹೊರಟುಹೋದ ಮೇಲೆ, ಒಬ್ಬ ವಿದ್ಯಾರ್ಥಿನಿ ನನ್ನ ಮೇಜಿನ ಬಳಿಗೆ ಬಂದು ನಿಂತಳು. ಕೃಷ್ಣರಾಜಪುರದ ಕಡೆಯಿಂದ ದಿನವೂ ಬರುವ ಹುಡುಗಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ವಿಜ್ಞಾನದಲ್ಲಿ ಒಳ್ಳೆಯ ಅಂಕಗಳನ್ನು ಗಳಿಸಿ, ಭೌತವಿಜ್ಞಾನದ ಮೇಲಣ ಪ್ರೀತಿಯಿಂದಲೇ ದಂಡಿನ ಭಾಗದಲ್ಲಿರುವ ನಮ್ಮ ಕಾಲೇಜಿಗೆ ಸೇರಿದವಳು. ಪರೀಕ್ಷೆಯಲ್ಲಿ ಆಕೆಗೆ ಬಂದಿದ್ದುದು ಇಪ್ಪತ್ತೈದಕ್ಕೆ ಆರು ಅಂಕ.

“ಸಾರ್, ನಾನು ಸೈನ್ಸ್ ಬಿಟ್ಟು ಆರ್ಟ್ಸ್‌ಗೆ ಹೋಗಬೇಕು ಅಂತಿದ್ದೇನೆ. ನನ್ನ ತಲೆಯಲ್ಲಿ ಯಾವುದೂ ನಿಲ್ಲುವುದಿಲ್ಲ” ಎಂದು ಹೇಳಿ, ಸಾಕ್ಷಿಯೆಂಬಂತೆ ಒಂದು ನೋಟುಪುಸ್ತಕವನ್ನು ನನ್ನ ಮುಂದಿಟ್ಟಳು. ಪುಟ ತಿರುವಿದೆ. ‘ಆಕ್ಸಲರೇಷನ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ನೂರು ಸಲ ಬರೆದಿದ್ದಳು. ಮುಂದಿನ ಪುಟದಲ್ಲಿ ‘ಮೊಮೆಂಟಮ್’ ನೂರು ಸಲ. ಅದರ ಮುಂದೆ ‘ಇನರ್ಷಿಯ’. ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ನಾನು ಪುಸ್ತಕವನ್ನು ಮುಚ್ಚಿ, “ಆಕ್ಸಲರೇಷನ್ ಎಂದರೇನಮ್ಮಾ?” ಎಂದು ಕೇಳಿದೆ. ಆಕೆ ತಲೆ ತಗ್ಗಿಸಿದಳು. “ಹೋಗಲಿ, ವೇಗೋತ್ಕರ್ಷ ಎಂದರೇನು?” ಎಂದೆ. “ವೇಗ ಬದಲಾಗುವ ದರ ಸಾರ್” ಎಂಬ ಉತ್ತರ ಕೂಡಲೆ ಬಂತು.

ವಿಷಯ ತಲೆಯಲ್ಲಿತ್ತು, ಅದಕ್ಕೆ ಕಟ್ಟಬೇಕಾದ ಹೊಸ ಹೆಸರು ಮಾತ್ರ ಅಂಟಿಕೊಂಡಿರಲಿಲ್ಲ. ಇಂಥ ವಿದ್ಯಾರ್ಥಿಗಳು ಪ್ರತಿ ವರ್ಷವೂ ನಮ್ಮಲ್ಲಿಗೆ ಬರುತ್ತಾರೆ. ಅವರಲ್ಲಿ ಕೆಲವರು ತಮ್ಮನ್ನು ತಾವೇ ದಡ್ಡರೆಂದು ತೀರ್ಮಾನಿಸಿಕೊಂಡು ವಿಜ್ಞಾನವನ್ನು ಬಿಟ್ಟುಹೋಗುತ್ತಾರೆ. ಆಕೆಯ ಶ್ರಮದಲ್ಲಿ ಕೊರತೆಯಿರಲಿಲ್ಲ. ಹಾಗಾದರೆ ನೂರು ಸಲ ಬರೆದ ಪದ ನಾಲ್ಕೇ ದಿನಗಳಲ್ಲಿ ಎಲ್ಲಿಗೆ ಹೋಯಿತು?

ಮರೆವಿನ ರೇಖೆ

ಈ ಪ್ರಶ್ನೆಯನ್ನು ಮೊಟ್ಟಮೊದಲು ಅಳತೆಗೋಲು ಹಿಡಿದು ವಿಚಾರಿಸಿದವನು ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ. ಅವನ ಪ್ರಯೋಗಶಾಲೆಯಲ್ಲಿ ಇದ್ದ ಪ್ರಯೋಗಪಶು ಒಂದೇ: ತಾನೇ. ಅರ್ಥವುಳ್ಳ ಪದಗಳಾದರೆ ಹಳೆಯ ನೆನಪುಗಳ ಸಹಾಯ ದೊರೆತು ಲೆಕ್ಕ ಕೆಡುವುದೆಂದು ಭಾವಿಸಿ, ಎರಡು ವ್ಯಂಜನಗಳ ನಡುವೆ ಒಂದು ಸ್ವರವನ್ನಿಟ್ಟು ಸುಮಾರು ೨,೩೦೦ ಅರ್ಥಹೀನ ಶಬ್ದಗಳನ್ನು ಕಟ್ಟಿಕೊಂಡ. ಅವುಗಳನ್ನು ಸಾಲುಸಾಲಾಗಿ ಬಾಯಿಪಾಠ ಮಾಡುವುದು, ಕೆಲವು ಕಾಲ ಬಿಟ್ಟು ಅದೇ ಸಾಲನ್ನು ಮತ್ತೆ ಕಲಿಯುವುದು, ಎರಡನೆಯ ಸಲ ಎಷ್ಟು ಸಮಯ ಉಳಿತಾಯವಾಯಿತೆಂದು ಗಡಿಯಾರ ನೋಡಿ ಬರೆದಿಡುವುದು—ಇದು ಅವನ ಕ್ರಮ. ವರ್ಷಗಳ ಕಾಲ ಈ ನೀರಸವಾದ ವ್ರತವನ್ನು ನಡೆಸಿ ೧೮೮೫ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದ.

ಕಲಿತು ೨೦ ನಿಮಿಷ ಕಳೆಯುವಷ್ಟರಲ್ಲಿ ಉಳಿತಾಯ ನೂರಕ್ಕೆ ೫೮ಕ್ಕೆ ಇಳಿದಿತ್ತು. ಒಂದು ಗಂಟೆಯ ಮೇಲೆ ೪೪. ಒಂದು ದಿನದ ಮೇಲೆ ೩೪. ಒಂದು ತಿಂಗಳ ಮೇಲೆ ೨೧. ಈ ಅಂಕೆಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಮೊದಲು ಕಡಿದಾಗಿ ಇಳಿದು, ಆಮೇಲೆ ಬಹುತೇಕ ಸಮತಟ್ಟಾಗುವ ಒಂದು ವಕ್ರರೇಖೆ ದೊರೆಯುತ್ತದೆ. ಕಾದ ಕಾಫಿ ಆರುವುದನ್ನು ಅಳೆದಿರುವ ಭೌತವಿಜ್ಞಾನದ ವಿದ್ಯಾರ್ಥಿಗೆ ಈ ರೇಖೆ ಪರಿಚಿತವೆನಿಸಬಹುದು. ಆದರೆ ಎರಡೂ ಒಂದೇ ಅಲ್ಲ. ಗಂಟೆಗೊಮ್ಮೆ ಉಳಿದುದು ನೂರಕ್ಕೆ ೪೪ರಂತೆ ಕುಗ್ಗುತ್ತಲೇ ಹೋಗಿದ್ದರೆ ಮರುದಿನಕ್ಕೆ ಹೇಳಹೆಸರಿಲ್ಲದಂತಾಗಬೇಕಾಗಿತ್ತು. ವಾಸ್ತವವಾಗಿ ಮೂರನೆಯ ಒಂದು ಭಾಗ ಉಳಿದಿತ್ತು. ಮರೆವು ಮೊದಲ ಗಂಟೆಯಲ್ಲಿ ಕ್ರೂರಿ, ಆಮೇಲೆ ಸಾಕಷ್ಟು ಸೌಮ್ಯ. ೨೦೧೫ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು ಈ ಪ್ರಯೋಗವನ್ನು ಪುನಃ ನಡೆಸಿದಾಗಲೂ ಹೆಚ್ಚುಕಡಮೆ ಇದೇ ಆಕಾರದ ರೇಖೆ ದೊರೆಯಿತು.

ಎಬ್ಬಿಂಗ್‌ಹೌಸನ ಪುಸ್ತಕದಲ್ಲಿ ಇನ್ನೊಂದು ಫಲಿತಾಂಶವಿದೆ. ವಿದ್ಯಾರ್ಥಿಗಳಿಗೆ ಅದೇ ಹೆಚ್ಚು ಮುಖ್ಯವಾದುದು. ಹನ್ನೆರಡು ಶಬ್ದಗಳ ಒಂದು ಸಾಲನ್ನು ಒಂದೇ ದಿನ ಬಿಡದೆ ೬೮ ಸಲ ಹೇಳಿಕೊಂಡಾಗ ಮರುದಿನ ಎಷ್ಟು ಪ್ರಯೋಜನ ಕಂಡುಬಂತೋ, ಮೂರು ದಿನಗಳಿಗೆ ಹಂಚಿ ಕೇವಲ ೩೮ ಸಲ ಹೇಳಿಕೊಂಡಾಗಲೂ ಅಷ್ಟೇ ಪ್ರಯೋಜನ ಕಂಡುಬಂತು. ಅಂದರೆ ನಡುವೆ ಬಿಟ್ಟ ರಾತ್ರಿಗಳು ಮೂವತ್ತು ಪುನರಾವರ್ತನೆಗಳ ಕೆಲಸವನ್ನು ಪುಕ್ಕಟೆಯಾಗಿ ಮಾಡಿದ್ದವು.

ಈಗ ಆ ನೋಟುಪುಸ್ತಕವನ್ನು ಮತ್ತೆ ತೆರೆಯೋಣ. ಮೊದಲ ಸಾಲನ್ನು ಬರೆಯುವಾಗ ಹುಡುಗಿಯ ಮನಸ್ಸು ಕೆಲಸ ಮಾಡಿರಬೇಕು. ಹತ್ತನೆಯ ಸಾಲಿನ ಹೊತ್ತಿಗೆ ಕಣ್ಣು ಮೇಲಿನ ಸಾಲನ್ನು ನೋಡುತ್ತಿದೆ, ಕೈ ನಕಲು ಮಾಡುತ್ತಿದೆ. ಮನಸ್ಸು ಎಲ್ಲಿಯೋ ಇದೆ. ನೂರು ಸಲ ಬರೆದರೂ ನೆನಪನ್ನು ಒಮ್ಮೆಯೂ ಆಕೆ ಪ್ರಶ್ನಿಸಲಿಲ್ಲ. ಉತ್ತರ ಎದುರಿಗೇ ಇರುವಾಗ ನೆನಪಿಗೆ ಏನು ಕೆಲಸ?

ಓದುವುದು ಬೇರೆ, ನೆನೆಯುವುದು ಬೇರೆ

ಇದು ಬರಿಯ ಊಹೆಯಲ್ಲ. ೨೦೦೮ರಲ್ಲಿ ಅಮೆರಿಕದ ಕಾರ್ಪಿಕ್ ಮತ್ತು ರೋಡಿಗರ್ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಆಫ್ರಿಕದ ಸ್ವಾಹಿಲಿ ಭಾಷೆಯ ೪೦ ಪದಗಳನ್ನು ಇಂಗ್ಲಿಷ್ ಅರ್ಥದೊಡನೆ ಕಲಿಸಿದರು. ಒಮ್ಮೆ ಸರಿಯಾಗಿ ಹೇಳಿದ ಪದವನ್ನು ಆಮೇಲೆ ಏನು ಮಾಡಬೇಕೆಂಬುದರಲ್ಲಿ ಮಾತ್ರ ಗುಂಪು ಗುಂಪಿಗೆ ವ್ಯತ್ಯಾಸ. ಕೆಲವರು ಅದನ್ನು ಮತ್ತೆ ಮತ್ತೆ ಓದಿದರೇ ಹೊರತು ಅದರಲ್ಲಿ ಪರೀಕ್ಷೆ ಕೊಡಲಿಲ್ಲ. ಕೆಲವರು ಮತ್ತೆ ಓದಲೇ ಇಲ್ಲ, ಪರೀಕ್ಷೆಯನ್ನು ಮಾತ್ರ ಮತ್ತೆ ಮತ್ತೆ ಕೊಟ್ಟರು. ಒಂದು ವಾರ ಕಳೆದ ಮೇಲೆ, ಪರೀಕ್ಷೆ ಕೊಡುತ್ತಲೇ ಇದ್ದವರು ನೂರಕ್ಕೆ ಸುಮಾರು ೮೦ ಪದಗಳನ್ನು ನೆನಪಿಟ್ಟಿದ್ದರು. ಓದುತ್ತಲೇ ಇದ್ದು ಪರೀಕ್ಷೆ ನಿಲ್ಲಿಸಿದವರಲ್ಲಿ ಉಳಿದಿದ್ದುದು ಸುಮಾರು ೩೬.

ಇದಕ್ಕಿಂತಲೂ ಸೋಜಿಗದ ಸಂಗತಿಯೊಂದುಂಟು. ಕಲಿಕೆ ಮುಗಿದ ದಿನವೇ, “ವಾರದ ಮೇಲೆ ಎಷ್ಟು ನೆನಪಿರಬಹುದು?” ಎಂದು ಎಲ್ಲರನ್ನೂ ಕೇಳಲಾಗಿತ್ತು. ಎಲ್ಲ ಗುಂಪಿನವರೂ ಅರ್ಧದಷ್ಟು ಎಂದಿದ್ದರು. ಯಾವ ಕ್ರಮ ತಮಗೆ ಹಿತ ಮಾಡುತ್ತಿದೆ, ಯಾವುದು ಮೋಸ ಮಾಡುತ್ತಿದೆ ಎಂಬುದು ಕಲಿಯುವವನಿಗೇ ತಿಳಿಯುವುದಿಲ್ಲ! ಪುಟವನ್ನು ಮೂರನೆಯ ಸಲ ಓದುವಾಗ ಎಲ್ಲವೂ ಸಲೀಸಾಗಿ ಕಾಣುತ್ತದೆ. ಆ ಸಲೀಸುತನವನ್ನೇ ನಾವು ತಿಳಿವಳಿಕೆಯೆಂದು ಭ್ರಮಿಸುತ್ತೇವೆ. ಪುಸ್ತಕ ಮುಚ್ಚಿ ಪದವನ್ನು ನೆನೆಯಲು ಹೆಣಗುವಾಗಲೋ, “ನನಗೆ ಬರುವುದಿಲ್ಲ” ಎಂಬ ಬೇಸರ ಹುಟ್ಟುತ್ತದೆ. ನೆನಪು ಗಟ್ಟಿಯಾಗುವುದು ಆ ಹೆಣಗಾಟದಲ್ಲಿಯೇ. ಪರೀಕ್ಷೆಯನ್ನು ನಾವು ಅಂಕ ಕೊಡುವ ತಕ್ಕಡಿಯೆಂದು ಬಗೆದಿದ್ದೇವೆ. ಅದು ಕಲಿಸುವ ಸಾಧನವೂ ಹೌದೆಂಬುದನ್ನು ಅಧ್ಯಾಪಕರಾದ ನಾವೇ ಅನೇಕ ಸಲ ಮರೆಯುತ್ತೇವೆ.

“ನನಗೆ ಹುಟ್ಟಿನಿಂದಲೇ ಸ್ಮರಣಶಕ್ತಿ ಕಡಮೆ” ಎನ್ನುವವರಿಗೆ ನಮ್ಮ ನಾಡಿನಲ್ಲೇ ಬೆಳೆದ ಒಬ್ಬರ ನಿದರ್ಶನ ಸಾಕು. ಮಂಗಳೂರಿನ ರಾಜನ್ ಮಹದೇವನ್ ಅವರು ೧೯೮೧ರಲ್ಲಿ ಅದೇ ಊರಿನಲ್ಲಿ ‘ಪೈ’ ಸಂಖ್ಯೆಯ ೩೧,೮೧೧ ಅಂಕಿಗಳನ್ನು ಬಾಯಲ್ಲಿ ಹೇಳಿ ಜಗತ್ತನ್ನೇ ಬೆರಗುಗೊಳಿಸಿದರು. ಮುಂದೆ ಅಮೆರಿಕದಲ್ಲಿ ಮನೋವಿಜ್ಞಾನಿಗಳು ಅವರನ್ನು ಬಹು ದಿನ ಪರೀಕ್ಷಿಸಿದರು. ಅಂಕಿಗಳಿಗೆ ಬದಲಾಗಿ ಅವರು ಎಂದೂ ಕಾಣದ ಚಿಹ್ನೆಗಳನ್ನು ತೋರಿಸಿದಾಗ, ಒಂದೇ ನೋಟಕ್ಕೆ ಅವರು ಹಿಡಿದಿಡಬಲ್ಲವರಾಗಿದ್ದುದು ಸುಮಾರು ಆರನ್ನು, ನಿಮ್ಮ ನಮ್ಮಂತೆಯೇ. ಅವರ ತಲೆಯಲ್ಲಿ ಬೇರೆ ಬಗೆಯ ಪಾತ್ರೆಯೇನೂ ಇರಲಿಲ್ಲ. ಅಂಕಿಗಳನ್ನು ಗುಂಪುಗೂಡಿಸಿ, ಗುರುತು ಹಚ್ಚಿ ಇಟ್ಟುಕೊಳ್ಳುವ ಅಭ್ಯಾಸ ಇತ್ತು.

ಅವಧಾನದ ಗುಟ್ಟು

ಹೊಸ ಪದಗಳನ್ನು ನೆನಪಿಡುವ ಕೆಲಸ ನಮ್ಮ ಹಿರಿಯರಿಗೆ ಹೊಸದಲ್ಲ. ಸಂಸ್ಕೃತದ ಅಮರಕೋಶವನ್ನು ಅನುಸರಿಸಿ ಕನ್ನಡದಲ್ಲಿಯೂ ನಿಘಂಟುಗಳನ್ನು ಪದ್ಯದಲ್ಲಿ ಬರೆದರು: ನಾಗವರ್ಮನ ಅಭಿಧಾನ ವಸ್ತುಕೋಶ, ೧೩೯೮ರ ಮಂಗಾಭಿಧಾನ, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ. ನಿಘಂಟನ್ನು ಅಕಾರಾದಿಯಾಗಿ ಜೋಡಿಸುವುದು ಹುಡುಕುವವನಿಗೆ ಅನುಕೂಲ. ಛಂದಸ್ಸಿನಲ್ಲಿ ಜೋಡಿಸುವುದು ಹೊತ್ತುಕೊಂಡು ಹೋಗುವವನಿಗೆ ಅನುಕೂಲ. ತಾಳಕ್ಕೆ ಸಿಕ್ಕಿದ ಪದ ತಪ್ಪಿಸಿಕೊಳ್ಳಲಾರದು. ಬಾಯಿಪಾಠವನ್ನು ಹಳಿಯುವುದು ಇಂದು ವಾಡಿಕೆಯಾಗಿದೆ. ಆದರೆ ಹಳೆಯ ಪಾಠಶಾಲೆಯಲ್ಲಿ ಗುರುವಿನ ಮುಂದೆ, ಓಲೆಯನ್ನು ನೋಡದೆ, ದಿನದಿನವೂ ಒಪ್ಪಿಸಬೇಕಾಗಿದ್ದ ಪಾಠವೂ ನೋಡಿಕೊಂಡು ನೂರು ಸಲ ಬರೆಯುವುದೂ ಒಂದೇ ಎಂದು ನನಗೆ ತೋರುವುದಿಲ್ಲ. ಒಪ್ಪಿಸುವುದೆಂದರೆ ಪರೀಕ್ಷೆ ಕೊಡುವುದು.

ಅಷ್ಟಾವಧಾನವನ್ನು ನೋಡಿದ ವಾಚಕರಿಗೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎಂಟು ಮಂದಿ ಪೃಚ್ಛಕರು ಸಾಲಾಗಿ ಕುಳಿತಿರುತ್ತಾರೆ. ಒಬ್ಬರು ಸಮಸ್ಯೆ ಕೊಡುತ್ತಾರೆ, ಒಬ್ಬರು ಅಕ್ಷರಗಳನ್ನು ನಿಷೇಧಿಸುತ್ತಾರೆ, ಒಬ್ಬರು ನಡುನಡುವೆ ಅಪ್ರಸ್ತುತ ಪ್ರಸಂಗ ತೆಗೆದು ಅಡ್ಡಿಪಡಿಸುತ್ತಾರೆ. ಅವಧಾನಿಯು ಒಬ್ಬರ ಪದ್ಯಕ್ಕೆ ಒಂದು ಪಾದ ಹೇಳಿ ಮುಂದಿನವರ ಬಳಿಗೆ ಹೋಗಬೇಕು; ಸುತ್ತು ಮುಗಿದು ಮತ್ತೆ ಅವರೆದುರಿಗೆ ಬಂದಾಗ ಬಿಟ್ಟ ಎಳೆಯನ್ನು ಹಿಡಿದು ಎರಡನೆಯ ಪಾದ ಹೇಳಬೇಕು. ನಾಲ್ಕು ಸುತ್ತು ಹೀಗೆ. ಕೊನೆಗೆ ಎಲ್ಲ ಪದ್ಯಗಳನ್ನೂ ಧಾರಣೆಯಿಂದ ಒಪ್ಪಿಸಬೇಕು. ಕೋಲಾರದಲ್ಲಿ ಹುಟ್ಟಿ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಒಂದು ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ನಡೆಸಿರುವ ಶತಾವಧಾನಿ ಆರ್. ಗಣೇಶ್ ಅವರ ಪ್ರತಿಭೆ ಎಲ್ಲರಿಗೂ ಬಾರದು, ನಿಜ. ಆದರೆ ಕ್ರಮವನ್ನು ಗಮನಿಸಿ: ಅಂತರ ಬಿಡುವುದು, ನಡುವೆ ಬೇರೆ ಕೆಲಸದಿಂದ ಮನಸ್ಸನ್ನು ಕದಲಿಸುವುದು, ಮತ್ತೆ ನೆನಪಿನಿಂದಲೇ ಹೊರತೆಗೆಯುವುದು. ಎಬ್ಬಿಂಗ್‌ಹೌಸನ ಅಂತರವೂ ಕಾರ್ಪಿಕ್ಕನ ಪರೀಕ್ಷೆಯೂ ಒಂದೇ ವೇದಿಕೆಯ ಮೇಲೆ ಕೂಡಿವೆ.

ಚೀಟಿಯ ಪೆಟ್ಟಿಗೆ

ಇದನ್ನು ಮೇಜಿನ ಮೇಲೆ ಇಳಿಸುವುದು ಸುಲಭ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಅಂಗೈ ಅರ್ಧದಷ್ಟು ಚೀಟಿಗಳನ್ನು ಮಾಡಿಕೊಳ್ಳಿ. ಒಂದು ಮಗ್ಗುಲಲ್ಲಿ ಇಂಗ್ಲಿಷ್ ಪದ. ಇನ್ನೊಂದರಲ್ಲಿ ಕನ್ನಡದ ಅರ್ಥ ಮತ್ತು ಆ ಪದ ಬರುವ ಒಂದು ಸಣ್ಣ ವಾಕ್ಯ. ಚಪ್ಪಲಿಯ ರಟ್ಟಿನ ಪೆಟ್ಟಿಗೆಯಲ್ಲಿ ಅಡ್ಡ ರಟ್ಟುಗಳನ್ನಿಟ್ಟು ಐದು ಮನೆಗಳನ್ನು ಮಾಡಿ. ಹೊಸ ಚೀಟಿಗಳು ಮೊದಲ ಮನೆಯಲ್ಲಿ. ಮರುದಿನ ತೆಗೆದು, ಪದವನ್ನು ನೋಡಿ, ಹಿಂಬದಿಗೆ ತಿರುಗಿಸುವ ಮೊದಲು ಅರ್ಥವನ್ನು ಬಾಯಿಬಿಟ್ಟು ಹೇಳಬೇಕು. ಸರಿಯಾದರೆ ಚೀಟಿ ಎರಡನೆಯ ಮನೆಗೆ; ಅಲ್ಲಿ ಎರಡು ದಿನ ವಿಶ್ರಾಂತಿ. ಮತ್ತೆ ಸರಿಯಾದರೆ ಮೂರನೆಯ ಮನೆಯಲ್ಲಿ ನಾಲ್ಕು ದಿನ, ನಾಲ್ಕನೆಯದರಲ್ಲಿ ಎಂಟು, ಐದನೆಯದರಲ್ಲಿ ಹದಿನಾರು. ತಪ್ಪಿದ ಚೀಟಿ ಯಾವ ಮನೆಯಲ್ಲಿದ್ದರೂ ಮೊದಲನೆಯದಕ್ಕೆ ವಾಪಸು. ಐದು ಮನೆಗಳ ಈ ಪೆಟ್ಟಿಗೆಯನ್ನು ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ ೧೯೭೨ರಲ್ಲಿ ಜರ್ಮನ್ ಭಾಷೆಯ ಪುಸ್ತಕವೊಂದರಲ್ಲಿ ವರ್ಣಿಸಿದ. ಅಂತರದ ದಿನಗಳನ್ನು ನಾನು ಲೆಕ್ಕದ ಅನುಕೂಲಕ್ಕಾಗಿ ಇಮ್ಮಡಿಯಾಗಿ ಇಟ್ಟಿದ್ದೇನೆ. ಇದೇ ಕೆಲಸವನ್ನು ಮಾಡುವ ತಂತ್ರಾಂಶಗಳು ಇಂದು ಮೊಬೈಲ್ ಫೋನಿನಲ್ಲಿ ದೊರೆಯುತ್ತವೆ. ಫೋನು ತೆರೆದವನು ಪದಗಳನ್ನೇ ನೋಡುವನೆಂಬ ಭರವಸೆ ನನಗಿಲ್ಲದ ಕಾರಣ ರಟ್ಟಿನ ಪೆಟ್ಟಿಗೆಯನ್ನೇ ಹೇಳುತ್ತಿದ್ದೇನೆ.

ಈ ಕ್ರಮಕ್ಕೆ ತಗಲುವ ಕಾಲವೆಷ್ಟು? ದಿನಕ್ಕೆ ಹತ್ತು ಹೊಸ ಪದಗಳೆಂದು ಇಟ್ಟುಕೊಳ್ಳೋಣ. ಒಂದೂ ತಪ್ಪದಿದ್ದರೆ ಪ್ರತಿ ಚೀಟಿಯೂ ೩೧ ದಿನಗಳಲ್ಲಿ ಐದೇ ಸಲ ಕೈಗೆ ಬರುತ್ತದೆ. ಮೊದಲ ತಿಂಗಳು ಕಳೆದ ಮೇಲೆ ದಿನಕ್ಕೆ ೫೦ ಚೀಟಿ. ಒಂದಕ್ಕೆ ಹತ್ತು ಸೆಕೆಂಡಿನಂತೆ ಎಂಟು ನಿಮಿಷ ಚಿಲ್ಲರೆ. ಐದಕ್ಕೊಂದು ತಪ್ಪುತ್ತದೆಯೆಂದು ಹಿಡಿದರೆ, ಸಂಭವನೀಯತೆಯ ಲೆಕ್ಕದಂತೆ ಒಂದು ಚೀಟಿಯನ್ನು ಸರಾಸರಿ ಹತ್ತು ಸಲ ನೋಡಬೇಕಾಗುತ್ತದೆ. ದಿನಕ್ಕೆ ಸುಮಾರು ೧೭ ನಿಮಿಷ. ಹತ್ತು ಪದಗಳನ್ನು ನೂರು ನೂರು ಸಲ ಬರೆಯುವುದಾದರೆ, ಪದಕ್ಕೆ ನಾಲ್ಕು ಸೆಕೆಂಡಿನಂತೆ ೬೬ ನಿಮಿಷಗಳಿಗೂ ಮೀರುತ್ತದೆ. ಕೈನೋವು ಬೇರೆ.

ಒಂದು ಕಳ್ಳದಾರಿಯ ಬಗೆಗೆ ಎಚ್ಚರಿಸಬೇಕು. ಚೀಟಿಯನ್ನು ತಿರುಗಿಸಿ ನೋಡಿ, “ಓ, ಇದು ನನಗೆ ಗೊತ್ತಿತ್ತು” ಎಂದುಕೊಂಡು ಮುಂದಿನ ಮನೆಗೆ ಹಾಕುವುದು. ನೋಡಿದ ಮೇಲೆ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ. ಇನ್ನೊಂದು, ಇಂಗ್ಲಿಷಿನಿಂದ ಕನ್ನಡಕ್ಕೆ ಮಾತ್ರ ಅಭ್ಯಾಸ ಮಾಡಿದರೆ ಪ್ರಶ್ನೆಪತ್ರಿಕೆ ಅರ್ಥವಾದೀತು. ಉತ್ತರ ಬರೆಯಲು ಪದ ಸಿಕ್ಕದು. ಕನ್ನಡದ ಮಗ್ಗುಲನ್ನು ಮೇಲೆ ಮಾಡಿಯೂ ಅಭ್ಯಾಸ ಮಾಡಬೇಕು.

ದಂಡಿನ ನಾಲ್ಕು ಭಾಷೆಗಳು

ಮೇಲಿನ ಹುಡುಗಿಗೆ ನಾನು ಈ ಪೆಟ್ಟಿಗೆಯನ್ನು ವಿವರಿಸಿದಾಗ ಆಕೆಗೆ ಅಷ್ಟೇನೂ ಹಿಡಿಸಲಿಲ್ಲ. “ನಮ್ಮ ಮಾವ ರಸೆಲ್ ಮಾರ್ಕೆಟ್ಟಿನಲ್ಲಿ ಹಣ್ಣು ಮಾರುತ್ತಾರೆ ಸಾರ್. ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಮಾತಾಡುತ್ತಾರೆ. ಅವರ ಹತ್ತಿರ ಯಾವ ಚೀಟಿಯೂ ಇಲ್ಲ” ಎಂದಳು. ಮಾತು ತೂಕದ್ದೇ ಆಗಿತ್ತು.

೧೮೦೯ರಲ್ಲಿ ಬ್ರಿಟಿಷರ ಸೇನೆ ಹಲಸೂರಿನ ಬಳಿ ಪಾಳೆಯ ಹೂಡಿದಂದಿನಿಂದ ನಮ್ಮ ಈ ಭಾಗ ‘ದಂಡು’ ಆಯಿತು. ಸೇನೆಯ ಹಿಂದೆ ತಮಿಳರು, ತೆಲುಗರು, ಉರ್ದು ಮಾತಾಡುವ ವ್ಯಾಪಾರಿಗಳು ಬಂದು ನೆಲೆಸಿದರು. ಬ್ಲಾಕ್‌ಪಲ್ಲಿಯೆನಿಸಿದ್ದ ಕೇರಿ ಮುಂದೆ ಶಿವಾಜಿನಗರವಾಯಿತು. ೧೯೩೩ರಲ್ಲಿ ಪ್ರಾರಂಭವಾದ ರಸೆಲ್ ಮಾರ್ಕೆಟ್ಟಿನಲ್ಲಿ ಇಂದಿಗೂ ಒಂದೇ ಚೌಕಾಸಿ ಮೂರು ಭಾಷೆಗಳಲ್ಲಿ ನಡೆಯುವುದುಂಟು. ಆದರೆ ಆ ಹಣ್ಣಿನ ವ್ಯಾಪಾರಿಗೆ ಚೀಟಿಯಿಲ್ಲವೆಂದೇಕೆ ಹೇಳಬೇಕು? ಅವರ ಗಿರಾಕಿಗಳೇ ಚೀಟಿಗಳು. ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ಮೂರು ದಿನ ಬಿಟ್ಟು ಮತ್ತೊಬ್ಬರು ಬಂದು, ಪುಸ್ತಕ ನೋಡಲು ಸಮಯ ಕೊಡದೆ, ಪದವನ್ನು ಅವರ ಬಾಯಿಂದ ಹೊರಡಿಸುತ್ತಾರೆ. ತಪ್ಪಿದರೆ ವ್ಯಾಪಾರ ಕೆಡುತ್ತದೆ, ಇಲ್ಲವೆ ಗಿರಾಕಿ ನಕ್ಕು ತಿದ್ದುತ್ತಾನೆ. ‘ಮೊಮೆಂಟಮ್’ ಕೇಳಿಕೊಂಡು ಯಾರೂ ಮಾರುಕಟ್ಟೆಗೆ ಬರುವುದಿಲ್ಲವಾದ್ದರಿಂದ ನಮಗೆ ರಟ್ಟಿನ ಪೆಟ್ಟಿಗೆ ಬೇಕಾಗಿದೆ, ಅಷ್ಟೆ.

ನಾಲ್ಕು ಭಾಷೆಗಳ ನಡುವೆ ಬೆಳೆದವರಿಗೆ ಇನ್ನೊಂದು ಲಾಭವಿದೆ. ಹೊಸ ಪದವನ್ನು ತಗಲಿಸಲು ಅವರ ಮನೆಯಲ್ಲಿ ಮೊಳೆಗಳು ಹೆಚ್ಚು. ನಮ್ಮ ಪಠ್ಯಗಳಲ್ಲಿ ‘ಸ್ಪೀಡ್’ ಎಂಬುದು ಜವ, ‘ವೆಲಾಸಿಟಿ’ ಎಂಬುದು ವೇಗ. ಎರಡರ ವ್ಯತ್ಯಾಸ ಹೆಸರಿನಿಂದ ಹೊಳೆಯುವುದಿಲ್ಲ. ತಮಿಳು ಪಠ್ಯಗಳಲ್ಲಿ ವೆಲಾಸಿಟಿಗೆ ‘ತಿಸೈವೇಗಂ’ ಎನ್ನುತ್ತಾರೆ: ದಿಕ್ಕುಳ್ಳ ವೇಗ. ಹಲಸೂರಿನ ಒಬ್ಬ ತಮಿಳು ಹುಡುಗ ಇದನ್ನು ತರಗತಿಯಲ್ಲಿ ಹೇಳಿದ ದಿನ, ನಾನು ಹತ್ತು ನಿಮಿಷ ವಿವರಿಸುತ್ತಿದ್ದುದು ಒಂದೇ ಪದದಲ್ಲಿ ಮುಗಿಯಿತು. ಆದರೆ ಅದೇ ತಮಿಳಿನಲ್ಲಿ ಬರಿಯ ‘ವೇಗಂ’ ಎಂದರೆ ಸ್ಪೀಡ್! ಕನ್ನಡದ ವೇಗವೂ ತಮಿಳಿನ ವೇಗವೂ ಒಂದೇ ಬೆಂಚಿನಲ್ಲಿ ಕುಳಿತು ಬೇರೆ ಬೇರೆ ಅರ್ಥ ಕೊಡುತ್ತವೆ. ಒಡಹುಟ್ಟಿದ ಭಾಷೆಗಳಲ್ಲಿ ಇಂಥ ಮೋಸದ ನಂಟರು ಉಂಟು. ಚೀಟಿಯ ಹಿಂದೆ ವಾಕ್ಯವೊಂದನ್ನು ಬರೆಯಿರೆಂದು ಹೇಳಿದ್ದು ಇದಕ್ಕಾಗಿಯೇ.

ಅರ್ಥದ ಮೊಳೆ ಸಿಕ್ಕದಿದ್ದರೆ ಧ್ವನಿಯ ಮೊಳೆಯಾದರೂ ಸಾಕು. ‘ಲೇಟೆಂಟ್ ಹೀಟ್’ ಎಂಬುದಕ್ಕೆ ಕನ್ನಡದಲ್ಲಿ ಗುಪ್ತೋಷ್ಣವೆಂದು ಹೆಸರು. ಲ್ಯಾಟಿನ್ ಮೂಲದಲ್ಲಿಯೂ ಅಡಗಿರುವುದೆಂದೇ ಅರ್ಥ. ಆದರೆ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರುವುದು ಬಸ್ಸು ‘ಲೇಟು’ ಎಂಬುದು. ಮಂಜುಗಡ್ಡೆಗೆ ಎಷ್ಟು ಶಾಖ ಕೊಟ್ಟರೂ, ಅದು ಪೂರ್ತಿ ಕರಗುವ ತನಕ ಉಷ್ಣತಾಮಾಪಕದ ಪಾದರಸ ಸೊನ್ನೆಯಲ್ಲೇ ನಿಂತು ಲೇಟಾಗಿ ಹೊರಡುತ್ತದೆ—ಹೀಗೆಂದುಕೊಂಡರೆ ಪದವೂ ಉಳಿಯಿತು, ವಿದ್ಯಮಾನವೂ ಉಳಿಯಿತು. ‘ವಿಸ್ಕಾಸಿಟಿ’ ಎಂದರೆ ಸ್ನಿಗ್ಧತೆ. ಶಿವಾಜಿನಗರದ ಬೇಕರಿಯ ಒಂದು ಬಿಸ್ಕತ್ತನ್ನು ಬೆಲ್ಲದ ಪಾಕದಲ್ಲಿ ಅದ್ದಿ ಎತ್ತಿರೆಂದು ಭಾವಿಸಿ. ಪಾಕ ಹರಿಯಲೊಲ್ಲದೆ ಜಗ್ಗುತ್ತ ಇಳಿಯುತ್ತದೆ. ವಿಸ್ಕ, ಬಿಸ್ಕ. ವ್ಯುತ್ಪತ್ತಿಯ ದೃಷ್ಟಿಯಿಂದ ಇದು ಶುದ್ಧ ಸುಳ್ಳು. ಹೇಳುವಾಗ ನನಗೂ ಸ್ವಲ್ಪ ಸಂಕೋಚವಾಗುತ್ತದೆ. ಆದರೂ ಈ ವಿಧಾನಕ್ಕೆ ಪ್ರಯೋಗದ ಬೆಂಬಲವಿದೆ. ೧೯೭೫ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಆಟ್ಕಿನ್ಸನ್ ಮತ್ತು ರಾ ಅವರು ೧೨೦ ರಷ್ಯನ್ ಪದಗಳನ್ನು ಕಲಿಸಿದಾಗ, ಹೀಗೆ ಧ್ವನಿಯ ಕೊಂಡಿಯನ್ನೂ ಚಿತ್ರವನ್ನೂ ಬಳಸಿದವರು ನೂರಕ್ಕೆ ೭೨ ಪದಗಳನ್ನು ಹೇಳಿದರು, ಬಳಸದವರು ೪೬ನ್ನು. ಕೊಂಡಿ ಪದವನ್ನು ಮೊದಲ ಸಲ ಒಳಕ್ಕೆ ತರುತ್ತದೆ. ಒಳಗೆ ಉಳಿಸುವ ಕೆಲಸ ಪೆಟ್ಟಿಗೆಯದು.

ಹಾಗೆಯೇ ‘ರಿಫ್ಲೆಕ್ಷನ್’, ‘ರಿಫ್ರ್ಯಾಕ್ಷನ್’, ‘ಡಿಫ್ರ್ಯಾಕ್ಷನ್’ ಮೂರನ್ನೂ ಒಂದೇ ದಿನ ಕಲಿಯಬೇಡಿ. ಒಂದೇ ಜಾತಿಯ ಪದಗಳನ್ನು ಒಟ್ಟಿಗೆ ಕಲಿತರೆ ಕಲಿಕೆ ನಿಧಾನವಾಗುವುದೆಂದು ೧೯೯೦ರ ದಶಕದ ಪ್ರಯೋಗಗಳು ತೋರಿಸಿವೆ. ಪಠ್ಯಪುಸ್ತಕಗಳು ಮಾತ್ರ ಅವುಗಳನ್ನು ಒಂದೇ ಪಟ್ಟಿಯಲ್ಲಿ ಕೊಡುವುದನ್ನು ಬಿಟ್ಟಿಲ್ಲ. ಪ್ರತಿಫಲನವನ್ನು ಈ ವಾರ, ವಕ್ರೀಭವನವನ್ನು ಮುಂದಿನ ವಾರ ಪೆಟ್ಟಿಗೆಗೆ ಹಾಕಿರಿ.

ನಿಲ್ದಾಣಕ್ಕೊಂದು ತರಂಗ

ಪದಗಳ ಅರ್ಥಕ್ಕಲ್ಲದೆ ಅವುಗಳ ಅನುಕ್ರಮಕ್ಕೂ ನೆನಪು ಬೇಕಾದಾಗ ಇನ್ನೊಂದು ಉಪಾಯವಿದೆ. ಪ್ರಾಚೀನ ಗ್ರೀಸ್ ಮತ್ತು ರೋಮಿನ ಭಾಷಣಕಾರರು ತಮ್ಮ ಮಾತಿನ ಅಂಶಗಳನ್ನು ಪರಿಚಿತ ಮನೆಯ ಕೋಣೆಕೋಣೆಗಳಲ್ಲಿ ಮನಸ್ಸಿನಲ್ಲೇ ಇಟ್ಟು, ಭಾಷಣ ಮಾಡುವಾಗ ಆ ಮನೆಯೊಳಗೆ ಮನಸ್ಸಿನಲ್ಲೇ ನಡೆದು ಒಂದೊಂದನ್ನಾಗಿ ಎತ್ತಿಕೊಳ್ಳುತ್ತಿದ್ದರಂತೆ. ನಮ್ಮ ಪೂರ್ವ ಬೆಂಗಳೂರಿನ ವಿದ್ಯಾರ್ಥಿಗಳಿಗೆ ಮನೆಗಿಂತ ಒಳ್ಳೆಯ ಹಾದಿ ಸಿದ್ಧವಾಗಿದೆ. ೨೦೧೧ರಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಓಡಿದ ಮೆಟ್ರೊ, ೨೦೨೩ರ ಅಕ್ಟೋಬರಿನಲ್ಲಿ ಕೃಷ್ಣರಾಜಪುರದ ಕಡೆಗೆ ಕೂಡಿಕೊಂಡಿತು. ಕೃಷ್ಣರಾಜಪುರದಲ್ಲಿ ಹತ್ತಿದವರಿಗೆ ಮಹಾತ್ಮ ಗಾಂಧಿ ರಸ್ತೆಯವರೆಗೆ ಸಿಕ್ಕುವ ನಿಲ್ದಾಣಗಳು ಏಳು. ವಿದ್ಯುತ್ಕಾಂತೀಯ ತರಂಗಗಳ ವಿಭಾಗಗಳೂ ಏಳು!

ಮೊದಲು ಬೆನ್ನಿಗಾನಹಳ್ಳಿ, ಹೆಸರಿನ ನಡುವೆಯೇ ‘ಗಾನ’ ಇದೆ, ಅಲ್ಲಿ ರೇಡಿಯೋ ಹಾಡುತ್ತಿದೆ. ಬೈಯಪ್ಪನಹಳ್ಳಿಯಲ್ಲಿ ಮೈಕ್ರೋವೇವ್ ಒಲೆಯ ಮೇಲೆ ಕಣ್ಣಿಡದೆ ಅಡುಗ�� ಸೀಯಿಸಿದವರನ್ನು ಅಪ್ಪ ಬೈಯುತ್ತಿದ್ದಾನೆ. ಸ್ವಾಮಿ ವಿವೇಕಾನಂದ ರಸ್ತೆಯಲ್ಲಿ ಕಾವಿಯ ಕೆಂಪು, ಅವಕೆಂಪು. ಇಂದಿರಾನಗರದಲ್ಲಿ ಇಂದ್ರಧನುಸ್ಸು, ಕಣ್ಣಿಗೆ ಕಾಣುವ ಬೆಳಕು. ಹಲಸೂರಿನಲ್ಲಿ ಬಿಸಿಲಿಗೆ ಒಣಗಿಸಿದ ಹಲಸಿನ ತೊಳೆ ಕಪ್ಪಾಗುತ್ತಿದೆ, ಅತಿನೇರಳೆ. ಟ್ರಿನಿಟಿಯಲ್ಲಿ ಹಳೆಯ ಇಗರ್ಜಿಯ ಶಿಲುಬೆಯನ್ನು ಕೊಂಚ ಓರೆಮಾಡಿದರೆ ಎಕ್ಸ್, ಎಕ್ಸ್‌ಕಿರಣ. ಕೊನೆಗೆ ಗಾಂಧಿ ರಸ್ತೆಯಲ್ಲಿ ಗಾಮಾ. ತರಂಗಾಂತರ ಕಡಮೆಯಾಗುತ್ತ, ಆವೃತ್ತಿ ಹೆಚ್ಚುತ್ತ ಪಶ್ಚಿಮಕ್ಕೆ ಸಾಗುತ್ತದೆ. ಸಂಜೆ ಹಿಂದಿರುಗುವಾಗ ತಿರುವುಮುರುವಾಗಿ ಹೇಳಿಕೊಳ್ಳಬಹುದು.

ಈ ಉಪಾಯಕ್ಕೆ ಮಿತಿಯುಂಟು. ಅನುಕ್ರಮಕ್ಕೆ ಇದು ಉತ್ತಮ. ಸಾಮಾನ್ಯ ಪದಸಂಗ್ರಹಕ್ಕೆ ತಕ್ಕುದಲ್ಲ. ವಾಕ್ಯವೊಂದನ್ನು ಬರೆಯುವಾಗ ಪ್ರತಿ ಪದಕ್ಕೂ ಮೆಟ್ರೊ ಹತ್ತಿ ಹೋಗಿಬರಲು ಯಾರಿಗೆ ಬಿಡುವಿದೆ?

ರಾತ್ರಿಯ ಪಾಲು

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡುವ ಅಭ್ಯಾಸದ ಬಗೆಗೆ ಒಂದು ಮಾತು. ೨೦೧೬ರಲ್ಲಿ ಫ್ರಾನ್ಸಿನಲ್ಲಿ ನಡೆದ ಪ್ರಯೋಗವೊಂದರಲ್ಲಿ ೧೬ ಸ್ವಾಹಿಲಿ ಪದಗಳನ್ನು ಕೆಲವರು ಬೆಳಿಗ್ಗೆ ಕಲಿತು ಸಂಜೆ ಪುನರಭ್ಯಾಸ ಮಾಡಿದರು. ಕೆಲವರು ಸಂಜೆ ಕಲಿತು, ಮಲಗಿ, ಬೆಳಿಗ್ಗೆ ಮಾಡಿದರು. ನಡುವಣ ಅವಧಿ ಇಬ್ಬರಿಗೂ ಸಮ. ನಿದ್ದೆ ಮಾಡಿದವರಿಗೆ ಪುನರಭ್ಯಾಸದಲ್ಲಿ ಹೆಚ್ಚುಕಡಮೆ ಅರ್ಧ ಶ್ರಮ ಸಾಕಾಯಿತು. ಆರು ತಿಂಗಳ ಮೇಲೆಯೂ ಅವರ ನೆನಪೇ ಮೇಲಾಗಿತ್ತು. ಹೊಸ ಚೀಟಿಗಳನ್ನು ರಾತ್ರಿ ಬರೆದು, ಬೆಳಿಗ್ಗೆ ಮೆಟ್ರೊದಲ್ಲೋ ಬಸ್ಸಿನಲ್ಲೋ ಮೊದಲ ಸಲ ಒಪ್ಪಿಸಿಕೊಳ್ಳುವುದು ಒಳ್ಳೆಯ ಏರ್ಪಾಡು.

ಬಹುಕಾಲದ ನೆನಪಿನ ಬಗೆಗೆ ಹ್ಯಾರಿ ಬಾರಿಕ್ ಎಂಬ ಮನೋವಿಜ್ಞಾನಿಯ ಕುಟುಂಬವನ್ನು ಸ್ಮರಿಸಬೇಕು. ಆತ, ಆತನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ನಾಲ್ವರೂ ತಲಾ ೩೦೦ ವಿದೇಶೀ ಪದಗಳನ್ನು ವರ್ಷಾನುಗಟ್ಟಲೆ ಅಭ್ಯಾಸ ಮಾಡಿ, ಬಿಟ್ಟು, ಐದು ವರ್ಷಗಳವರೆಗೆ ತಮ್ಮನ್ನೇ ಪರೀಕ್ಷಿಸಿಕೊಂಡು ೧೯೯೩ರಲ್ಲಿ ಫಲಿತಾಂಶವನ್ನು ಒಟ್ಟಾಗಿ ಪ್ರಕಟಿಸಿದರು. ೫೬ ದಿನಗಳ ಅಂತರದಲ್ಲಿ ನಡೆಸಿದ ೧೩ ಅಭ್ಯಾಸಗಳು, ೧೪ ದಿನಗಳ ಅಂತರದ ೨೬ ಅಭ್ಯಾಸಗಳಿಗೆ ಸಮನಾದುವು. ಅಂತರ ಹಿಗ್ಗಿದಂತೆ ಕಲಿಯುವಾಗ ಮರೆವು ಹೆಚ್ಚಾಗಿ ಕಷ್ಟವೆನಿಸಿತು. ಉಳಿದದ್ದು ಮಾತ್ರ ಹೆಚ್ಚು ಕಾಲ ಉಳಿಯಿತು. ಆದಕಾರಣ ಐದನೆಯ ಮನೆಯನ್ನು ದಾಟಿದ ಚೀಟಿಗಳನ್ನು ಎಸೆಯಬೇಡಿ. ದಾರ ಕಟ್ಟಿ ಇಟ್ಟುಕೊಂಡು ಎರಡು ತಿಂಗಳಿಗೊಮ್ಮೆ ಬಿಚ್ಚಿರಿ.

ಆ ಹುಡುಗಿ ಕಲಾ ವಿಭಾಗಕ್ಕೆ ಹೋಗಲಿಲ್ಲ. ಮೊದಲ ಎರಡು ವಾರ ಚೀಟಿಗಳೆಲ್ಲ ಮೊದಲ ಮನೆಗೇ ಹಿಂದಿರುಗುತ್ತಿದ್ದುವೆಂದು ಬೇಸರಪಟ್ಟಳು. ಎರಡನೆಯ ಕಿರುಪರೀಕ್ಷೆಯಲ್ಲಿ ಹನ್ನೊಂದು ಅಂಕ ಬಂತು, ಮೂರನೆಯದರಲ್ಲಿ ಹದಿನೆಂಟು. ಒಂದು ದಿನ, “ನೀವು ಇದನ್ನು ಮಾಡಿ ನೋಡಿದ್ದೀರಾ ಸಾರ್?” ಎಂದು ಕೇಳಿದಳು. ಮಾಡಿರಲಿಲ್ಲ. ಅಂದಿನಿಂದ ನಾನೂ ದಿನಕ್ಕೆ ಐದರಂತೆ ಉರ್ದು ಪದಗಳ ಚೀಟಿ ಬರೆಯುತ್ತಿದ್ದೇನೆ. ಶಿವಾಜಿನಗರದ ಬೇಕರಿಯವರೇ ನನ್ನ ಪರೀಕ್ಷಕರು. ಕಳೆದ ವಾರ ‘ಬಲ’ಕ್ಕೆ ಉರ್ದುವಿನಲ್ಲಿ ಏನೆನ್ನುತ್ತಾರೆಂದು ಬಿಸ್ಕತ್ತು ಕಟ್ಟುತ್ತಲೇ ಅವರು ಕೇಳಿದರು. ‘ಕುವ್ವತ್’ ಎಂದು ಹೇಳಬೇಕಾಗಿತ್ತು. ನಾಲಗೆಯ ತುದಿಗೆ ಬಂದದ್ದು ಬಾಯಿಗೆ ಬರಲಿಲ್ಲ. ನಾಲ್ಕನೆಯ ಮನೆಯಲ್ಲಿದ್ದ ಆ ಚೀಟಿ ಈಗ ಮತ್ತೆ ಮೊದಲ ಮನೆಯಲ್ಲಿದೆ.